ಎಂತದೂ ಮಾಡಿಲ್ಲ, ಬರೀ ಅನ್ನ ಸಾರು

ನನ್ನ ತಮ್ಮನಿಗೆ ಕೂಡಿ ಬಂದಿದ್ದ ಒಳ್ಳೆಯ ಸಂಬಂಧವೊಂದು ಕಳೆದ ತಿಂಗಳು ಎರಡಕ್ಷರದ ಒಂದು ಪದಕ್ಕೆ ತಪ್ಪಿಹೋಯಿತು.

ಜಾತಕಕ್ಕಲ್ಲ. ಸಂಪಾದನೆಗಲ್ಲ. ನೆತ್ತಿಯ ಮೇಲೆ ತೆಳ್ಳಗಾಗುತ್ತಿರುವ ಕೂದಲಿಗೂ ಅಲ್ಲ (ಆ ಪ್ರಶ್ನೆಗೆ ಉತ್ತರ ರೆಡಿ ಮಾಡಿಕೊಂಡೇ ಹೋಗಿದ್ದೆವು). ಆ ಪದ ಯಾವುದು ಗೊತ್ತಾ? 'ಬರೀ'.

ಮೊದಲಿಂದ ಹೇಳುತ್ತೇನೆ. ನನ್ನ ತಮ್ಮ ಮಂಜುನಾಥ ಸೊರಬದಲ್ಲಿ ಅಮ್ಮನ ಜೊತೆ ಇದ್ದಾನೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಎರಡು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. "ನಿನ್ನ ಕೈ ಸರಿಯಾಗೋ ತನಕ ನಾನು ನೋಡ್ಕೋತೀನಿ" ಅಂತ ಒಲೆಯ ಮುಂದೆ ನಿಂತ ಮಂಜು, ಕೈ ಸರಿಯಾದ ಮೇಲೂ ಜಾಗ ಬಿಟ್ಟುಕೊಡಲಿಲ್ಲ. ರೈತರು ಮೋಟಾರು ಹೊತ್ತುಕೊಂಡು ಬರುವಷ್ಟರಲ್ಲಿ ಅವನ ಅಡುಗೆ ಮುಗಿದಿರುತ್ತದೆ. ಕೈ ತೊಳೆದು ಅಂಗಡಿಯ ಶಟರ್ ಎತ್ತುತ್ತಾನೆ.

ಹುಡುಗಿ ಶೋಭಾ. ತಾಳಗುಂದದವಳು. ಶಿಕಾರಿಪುರದಿಂದ ಸೊರಬಕ್ಕೆ ಓಡಾಡುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ನಾವೆಲ್ಲ ಅವಳನ್ನು ನೋಡಲು ಹೋಗಿದ್ದೆವು. ಅವಳ ಅಮ್ಮ "ಏನೂ ಮಾಡಿಲ್ರಿ, ಬರೀ ಮಂಡಕ್ಕಿ" ಅನ್ನುತ್ತ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಕೊಬ್ಬರಿ ಮಿಠಾಯಿ, ಮೇಲೊಂದು ಬಾಳೆಹಣ್ಣು ತಂದಿಟ್ಟರು. ನಾವೂ "ಅಯ್ಯೋ ಯಾಕ್ರಿ ಇಷ್ಟೆಲ್ಲಾ" ಅನ್ನುತ್ತ ಎಲ್ಲವನ್ನೂ ಮುಗಿಸಿದೆವು. ಅಲ್ಲಿಯವರೆಗೆ ಎಲ್ಲ ಕ್ರಮಪ್ರಕಾರವೇ ಇತ್ತು.

"ಹುಡುಗ ಹುಡುಗಿ ಮಾತಾಡೋದಿದ್ರೆ ಹಿತ್ತಲ ಕಡಿಗೆ ಹೋಗಿ ಮಾತಾಡ್ಲಿ" ಅಂದರು ಅವಳ ಅಪ್ಪ. ಶೋಭಾ ಎದ್ದೇಳಲಿಲ್ಲ. ಎಲ್ಲರ ಎದುರಿಗೇ, ಟಿಕೆಟ್ ಕೇಳುವಷ್ಟೇ ಸಹಜವಾಗಿ ಕೇಳಿದಳು.

"ನಂದು ಬೆಳಗಿನ ಮೊದಲ ಬಸ್ಸಿಗೆ ಡ್ಯೂಟಿ ಇರ್ತೈತಿ. ನಿಮಗೆ ಅಡಿಗೆ ಬರ್ತೈತೇನ್ರಿ?"

ಗಂಡಿನ ಕಡೆಯವರಾದ ನಮಗೆ ಇದು ಸಿಕ್ಸರ್ ಹೊಡೆಯಲೆಂದೇ ಬಂದ ಫುಲ್ ಟಾಸ್! ನಾನು ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತೆ. ಹೇಳೋ ಮಂಜು, ಹೇಳೋ.

ಮಂಜು ಬೆವರು ಒರೆಸಿಕೊಂಡ. "ಅಡಿಗೆನಾ? ಎಂತದೂ ಇಲ್ಲ ರೀ. ಬರೀ ಅನ್ನ ಸಾರು."

ಹೋಗಲಿ, ಅಮ್ಮನಾದರೂ ಬಾಯಿಬಿಟ್ಟು ಹೇಳಬಾರದಿತ್ತಾ? ಬಾಯಿ ಬಿಟ್ಟಳು. "ಅವನಿಗೆ ಎಂತ ಬರ್ತದೆ, ಏನೋ ಒಂದು ಕುದಿಸಿ ಇಡ್ತಾನೆ ಅಷ್ಟೆ." ನಾನು ಅವಳ ಸೊಂಟಕ್ಕೆ ಮೆಲ್ಲಗೆ ತಿವಿದೆ. "ಎಂತದೇ? ಯಾಕೆ ತಿವಿತೀಯ?" ಅಂತ ಮನೆಯವರಿಗೆಲ್ಲ ಕೇಳುವ ಹಾಗೆ ಕೇಳಿದಳು.

ಮಾರನೆಯ ದಿನ ಈ ಸಂಬಂಧ ತಂದಿದ್ದ ಸೋದರಮಾವನ ಫೋನು. "ಹುಡುಗಿ ಬೇಡ ಅಂದ್ಲಂತೆ."

ಮಂಜು ಎಂದಿನಂತೆ ಅಂಗಡಿ ತೆರೆದ. ಆದರೆ ಅಮ್ಮ ನನಗೆ ಗುಟ್ಟಾಗಿ ಫೋನ್ ಮಾಡಿದಳು. ಶೋಭಾಳ ಬಸ್ಸು ಅಂಗಡಿಯ ಎದುರು ಹಾದುಹೋಗುವಾಗಲೆಲ್ಲ ಇವನು ಸ್ಪ್ಯಾನರ್ ಕೈಯಲ್ಲಿ ಹಿಡಿದು ಹೊರಗೆ ಬಂದು ನಿಲ್ಲುತ್ತಾನಂತೆ. ಅವಳು ಬೇಡ ಅಂದ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದನಂತೆ. ಮನಸ್ಸಿಗೆ ಹಿಡಿಸಿದೆ ಅಂತ ತಿಳಿಯಲು ಇನ್ನೇನು ಬೇಕು? ಇಷ್ಟು ವರ್ಷ ಯಾವ ಹುಡುಗಿ ತೋರಿಸಿದರೂ "ನೋಡೋಣ" ಅನ್ನುತ್ತಿದ್ದ ಹುಡುಗ. 

ಆಮೇಲೆ ಕೂತು ಯೋಚಿಸಿದೆ. ಈ 'ಏನೂ ಮಾಡಿಲ್ಲ' ಅನ್ನುವ ರೋಗ ನಮಗೆ ಎಲ್ಲಿಂದ ಬಂತು?

ನಿಮ್ಮ ಪಕ್ಕದ ಮನೆಯವರನ್ನು ಕೇಳಿ ನೋಡಿ. ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆ ಶಮೀಮ್‌ಳದು. ಟೇಲರಿಂಗ್ ಅಂಗಡಿ ನಡೆಸುತ್ತಾಳೆ, ಉಸಿರಾಡಲು ಪುರುಸೊತ್ತಿಲ್ಲ. ನಾನು ಸ್ಕೂಲಿಗೆ ಹೊರಡುವಾಗ ಕಾಂಪೌಂಡಿನ ಈಚೆಯಿಂದ "ಏನು ತಿಂಡಿ ಶಮೀಮ್?" ಅಂತ ಕೇಳಿದರೆ "ಏನೂ ಮಾಡಿಲ್ಲ ಟೀಚರ್, ಖಾಲಿ ಖಿಚಡಿ" ಅನ್ನುತ್ತಾಳೆ. ಆ 'ಖಾಲಿ' ಖಿಚಡಿಯ ಜೊತೆ ಹುಣಸೆಹಣ್ಣಿನ ಖಟ್ಟಾ ಇರುತ್ತದೆ, ಹಪ್ಪಳ ಇರುತ್ತದೆ, ಬೆಳ್ಳುಳ್ಳಿ ಒಗ್ಗರಣೆಯ ಘಮ ಬೀದಿಯ ತುದಿಯವರೆಗೆ ಇರುತ್ತದೆ. ನಮ್ಮ 'ಬರೀ'ಗೆ ಅವರಲ್ಲಿ 'ಖಾಲಿ', ಅಷ್ಟೇ ವ್ಯತ್ಯಾಸ.

ಈ ಅಂಕಣದ ಓದುಗರೊಬ್ಬರು ಮೊನ್ನೆ ಮೆಸೇಜ್ ಮಾಡಿದ್ದರು: "ಮೇಡಂ, ಇಬ್ಬರೂ ದುಡಿಯುವ ಮನೆಗೆ ಬೇಗ ಆಗುವ, ಕಡಿಮೆ ಖರ್ಚಿನ ಅಡುಗೆ ಬಗ್ಗೆ ಬರೀರಿ." ಬರೀರಿ ಅಂದಿದ್ದೀರಿ, 'ಬರೀ' ಬಗ್ಗೆಯೇ ಬರೆಯುತ್ತಿದ್ದೇನೆ, ಸ್ವಲ್ಪ ತಡೆಯಿರಿ.

ಆ ಭಾನುವಾರ ಅಮ್ಮನನ್ನು ನೋಡಲು ಸೊರಬಕ್ಕೆ ಹೊರಟೆ. ಶಿಕಾರಿಪುರದಲ್ಲಿ ಬಸ್ಸು ಹತ್ತಿ ಕೂತರೆ, ಟಿಕೆಟ್ ಮಷೀನ್ ಹಿಡಿದು ಬಂದವಳು ಶೋಭಾ! (ಎಂಥ ಕಾಕತಾಳೀಯ ಅಂದುಕೊಂಡಿರಾ? ಅವಳ ಡ್ಯೂಟಿ ಯಾವ ಬಸ್ಸಿಗೆ ಅಂತ ವಿಚಾರಿಸಿಕೊಂಡೇ ಹತ್ತಿದ್ದೆ. ಅಕ್ಕ ಅಂತ ಆದ ಮೇಲೆ ಇಷ್ಟೂ ಮಾಡದಿದ್ದರೆ ಹೇಗೆ?)

"ಆಧಾರ್ ಕಾರ್ಡ್ ತೋರಿಸ್ರಿ" ಅಂದವಳು ಮುಖ ನೋಡಿ ತಡವರಿಸಿದಳು. ಫ್ರೀ ಟಿಕೆಟ್ ಕೊಟ್ಟು ಸರಸರ ಹಿಂದಕ್ಕೆ ಹೋದಳು. ಶಿರಾಳಕೊಪ್ಪದಲ್ಲಿ ರಶ್ ಇಳಿದ ಮೇಲೆ ತಾನೇ ಬಂದು ನನ್ನ ಪಕ್ಕ ಕೂತಳು.

"ಅಕ್ಕಾರೆ, ಬೇಜಾರು ಮಾಡ್ಕೋಬ್ಯಾಡ್ರಿ. ನಿಮ್ಮ ತಮ್ಮ ಒಳ್ಳೆ ಮನಷ್ಯಾನೇ."

"ಮತ್ತೆ ಯಾಕಮ್ಮ ಬೇಡ ಅಂದೆ?"

"ಅನ್ನ ಸಾರು ಬರ್ತೈತಿ ಅಂದ್ರಲ್ಲ. ಮುಂಚೆ ನೋಡಾಕೆ ಬಂದೋರೂ ಅದನ್ನೇ ಅಂದಿದ್ರು. ನಮ್ಮಣ್ಣ ಮದುವಿ ಟೈಮಲ್ಲಿ ನಮ್ಮ ಅತ್ತಿಗೆಗೂ ಅದನ್ನೇ ಹೇಳಿದ್ದ. ಆಮೇಲೆ ನೋಡಿದ್ರೆ ಅವನಿಗೆ ಬರೋದು ಕುಕ್ಕರ್ ಸೀಟಿ ಎಣಿಸೋದು. ಅದೂ ಟಿವಿ ಮುಂದೆ ಕೂತು."

"ಅಯ್ಯೋ, ಅದು ಸುಮ್ಮನೆ ಸಂಕೋಚಕ್ಕೆ ಹೇಳಿದ್ದು ಕಣೆ. ಅವತ್ತು ನಿಮ್ಮಮ್ಮ ಕೂಡ ಬರೀ ಮಂಡಕ್ಕಿ ಅಂದ್ರಲ್ಲ, ತಟ್ಟೆಯಲ್ಲಿ ಜಾಗ ಇರಲಿಲ್ಲ."

ಶೋಭಾ ನಕ್ಕಳು. "ಹೆಂಗಸ್ರು ಬರೀ ಅಂದ್ರೆ ಸುಳ್ಳು ರೀ. ಗಂಡಸ್ರು ಬರೀ ಅಂದ್ರೆ ಖರೇನೇ. ನಾ ನೋಡಿದ್ದು ಅಷ್ಟೇ."

 ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ?

ನನ್ನ ತಮ್ಮ ಹಾಗಲ್ಲ ಅಂತ ಸಾಬೀತು ಮಾಡಲು ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಇವಳು ಪಕ್ಕದಲ್ಲಿ ಇರುವುದನ್ನು ಹೇಳಲಿಲ್ಲ. "ಮಂಜು, ಇವತ್ತು ಎಂತ ಅಡಿಗೆ?"

"ಎಂತದೂ ಮಾಡಿಲ್ಲ ಅಕ್ಕ. ಬರೀ ಅನ್ನ ಸಾರು."

ಹಿಂದಿನ ಸೀಟಿನ ಹೆಂಗಸು ಕಿಸಕ್ಕನೆ ನಕ್ಕಳು. 'ಕೇಳಿದ್ರಲ್ಲ' ಅನ್ನುವ ಹಾಗೆ ಶೋಭಾ ನನ್ನ ಮುಖ ನೋಡಿದಳು. ನನ್ನ ಮರ್ಯಾದೆ ಸೊರಬ ಮುಟ್ಟುವ ಮೊದಲೇ ಇಳಿದು ಹೋಗಿತ್ತು. ಆದರೂ ಬಿಡಲಿಲ್ಲ. ಫೋನ್ ಇಟ್ಟು ಅವಳನ್ನೇ ಕೇಳಿದೆ.

"ಮಧ್ಯಾಹ್ನಕ್ಕೆ ಡಬ್ಬಿ ತಂದಿದೀಯಾ?"

"ಮೊದಲ ಬಸ್ಸಿಗೆ ಬರೋರಿಗೆ ಡಬ್ಬಿ ಎಲ್ಲಿ ರೀ. ಹೋಟೆಲ್ ಚಿತ್ರಾನ್ನ. ದಿನಾ ತಿಂದು ತಿಂದು ಎದೆ ಉರಿ."

"ಹಂಗಾದ್ರೆ ಇವತ್ತು ನಮ್ಮನೆಗೆ ಬಾ. ಮದುವೆ ಮಾತು ಬೇಡ. ಬರೀ ಊಟ."

ಡ್ರೈವರ್ ಹನುಮಂತಪ್ಪನವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಲೇ ಎಲ್ಲ ಕೇಳಿಸಿಕೊಂಡಿದ್ದರು. "ಸಾಕ್ಷಿಗೆ ನಾನೂ ಬರ್ತೀನಿ ನಡಿಯವ್ವ" ಅಂದರು. ಅವರಿಗೂ ಚಿತ್ರಾನ್ನ ಸಾಕಾಗಿತ್ತು ಅಂತ ಕಾಣುತ್ತದೆ.

ಬಾಗಿಲಲ್ಲಿ ನಮ್ಮನ್ನು ನೋಡಿದ ಮಂಜು ಲುಂಗಿ ಇಳಿಬಿಟ್ಟು ಒಳಗೆ ಓಡಿದ. ಅಮ್ಮ ಯಥಾಪ್ರಕಾರ ಶುರು ಮಾಡಿದಳು. "ಮೊದಲೇ ಹೇಳಬಾರದಿತ್ತಾ ಮಾರಾಯ್ತಿ? ಎಂತದೂ ಮಾಡಿಲ್ಲ..." ನಾನು ಈ ಸಲ ಜೋರಾಗಿಯೇ ತಿವಿದೆ.

ಎಲೆ ಹಾಕಿದೆವು. ಈಗ ಮೆಸೇಜ್ ಮಾಡಿದ ಓದುಗರು ಸ್ವಲ್ಪ ಗಮನ ಕೊಡಿ.

ಮಂಜು ರಾತ್ರಿಯೇ ಹುರುಳಿಕಾಳು ನೆನೆಹಾಕಿದ್ದ. ಬೆಳಿಗ್ಗೆ ಕುಕ್ಕರಿನ ತಳದಲ್ಲಿ ಧಾರಾಳ ನೀರು ಹಾಕಿ ಹುರುಳಿ, ಅದರ ಮೇಲೆ ಅಕ್ಕಿಯ ಪಾತ್ರೆ. ಒಂದೇ ಉರಿ. ಬೆಂದ ಮೇಲೆ ಹುರುಳಿಯ ನೀರು ಬಸಿದುಕೊಂಡು, ಒಂದು ಸೌಟು ಕಾಳನ್ನು ತೆಂಗಿನಕಾಯಿ, ಸಾರಿನಪುಡಿ ಜೊತೆ ರುಬ್ಬಿ ಹಾಕಿ, ಹುಣಸೆರಸ ಬಿಟ್ಟು ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು. ಉಳಿದ ಕಾಳಿಗೆ ಈರುಳ್ಳಿ, ಒಣಮೆಣಸು ಬಿದ್ದರೆ ಪಲ್ಯ. ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹಬ್ಬಿದ ಒಂದೆಲಗವನ್ನು ಚೆನ್ನಾಗಿ ತೊಳೆದು, ಕಾಯಿ ಜೊತೆ ಹಸಿಯಾಗಿ ರುಬ್ಬಿ ಮಜ್ಜಿಗೆಗೆ ಬೆರೆಸಿದ್ದ. ಅದು ತಂಬುಳಿ, ಗ್ಯಾಸ್ ಹಚ್ಚುವ ಕೆಲಸವೇ ಇಲ್ಲ. ಹಿಂದಿನ ರಾತ್ರಿ ಉಳಿದ ಅನ್ನವನ್ನು ಹಿಸುಕಿ ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದ್ದ. (ಅನ್ನ ಸೇರಿದರೆ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಬರೆದಿಟ್ಟುಕೊಳ್ಳಿ.)

ಇದಿಷ್ಟು ಅವನ 'ಬರೀ ಅನ್ನ ಸಾರು'.

ಹನುಮಂತಪ್ಪನವರು ಮೂರನೆಯ ಸಲ ಸಾರು ಹಾಕಿಸಿಕೊಂಡರು. ಶೋಭಾ ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡಳು. ಮಂಜು ಅಡುಗೆಮನೆಯ ಬಾಗಿಲ ಹತ್ತಿರ ಸೌಟು ಹಿಡಿದು ನಿಂತಿದ್ದ, ಎಸೆಸೆಲ್ಸಿ ರಿಸಲ್ಟಿಗೆ ಕಾಯುವವನ ಹಾಗೆ.

"ನೀವು ಇದಕ್ಕೆ ಬರೀ ಅಂತೀರೇನ್ರಿ?" ಶೋಭಾ ಕೊನೆಗೂ ಕೇಳಿದಳು.

"ಮತ್ತೆಂತ ಅಂತಾರೆ?" ಮಂಜುವಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಅಮ್ಮ ಯಾವಾಗಲೂ ಹಾಗೇ ಅಂತಿದ್ಲು."

ಶೋಭಾ ಅಮ್ಮನ ಕಡೆ ತಿರುಗಿದಳು. "ಎಷ್ಟು ವರ್ಷ ಹಿಂಗೆ ಏನೂ ಮಾಡ್ದಂಗೆ ಇದ್ರಿ ಅಮ್ಮಾ?"

ಅಮ್ಮ ನಕ್ಕಳು. "ಅದೆಂತ ದೊಡ್ಡ ವಿಷಯ ಮಾರಾಯ್ತಿ, ದಿನಾ ಮಾಡೋದೇ ಅಲ್ವಾ" ಅಂದಳು. ಆಮೇಲೆ ಮಜ್ಜಿಗೆ ತರುತ್ತೇನೆ ಅಂತ ಒಳಗೆ ಹೋದವಳು ಬೇಗ ಬರಲಿಲ್ಲ. ಮಜ್ಜಿಗೆ ನಮ್ಮ ಎದುರಿಗೇ ಇತ್ತು.

 ಅಮ್ಮ ಅಂಗನವಾಡಿಗೆ ಹೋಗುತ್ತಿದ್ದವಳು. ಊರ ಮಕ್ಕಳಿಗೆ ಬೇಯಿಸಿ ಹಾಕಿ ಬಂದು, ಮನೆಗೆ ಬೇಯಿಸಿ ಹಾಕಿ, ಬಡಿಸುವಾಗ ದಿನವೂ ಅದೇ ಮಾತು: ಎಂತದೂ ಮಾಡಿಲ್ಲ. ಅಪ್ಪ ತಟ್ಟೆ ಖಾಲಿ ಮಾಡಿ "ಹೂಂ" ಅಂತ ಏಳುತ್ತಿದ್ದರು. ಅವಳು ಏನೂ ಮಾಡಿಲ್ಲ ಅಂತಲೇ ನಂಬಿಕೊಂಡು ತೀರಿಕೊಂಡರು ಪಾಪ.

ಬಸ್ಸಿಗೆ ಹೊತ್ತಾಯಿತು. ಶೋಭಾ ಬ್ಯಾಗು ಹೆಗಲಿಗೇರಿಸಿ ಮಂಜುವಿನ ಎದುರು ನಿಂತಳು.

"ಇನ್ನೊಂದ್ಸಲ ಕೇಳ್ತೀನಿ. ನಿಮಗೆ ಅಡಿಗೆ ಬರ್ತೈತೇನ್ರಿ?"

"ಎಂತ... ಬರೀ..." ಅನ್ನಲು ಹೋದವನು ನನ್ನ ಕಣ್ಣು ನೋಡಿ ನಿಲ್ಲಿಸಿದ.  "ಬರ್ತದೆ ರೀ. ಹುರುಳಿ ಕಟ್ಟಿನ ಸಾರು ಬರ್ತದೆ. ಪಲ್ಯ ಬರ್ತದೆ. ತಂಬುಳಿ, ರೊಟ್ಟಿ ಬರ್ತದೆ. ಬೆಳಿಗ್ಗೆ ಬೇಗ ಏಳೋದೂ ಬರ್ತದೆ. ಡಬ್ಬಿ ಕಟ್ಟಿಕೊಡ್ತೀನಿ."

ಅಷ್ಟು ಉದ್ದದ ಮಾತನ್ನು ನನ್ನ ತಮ್ಮ ಒಂದೇ ಉಸಿರಿಗೆ ಆಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಶೋಭಾ ಬಾಗಿಲು ದಾಟಿ ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ ಅಂದಳು: "ರೈಟ್."

ಹೊರಟೇ ಹೋದಳು! ಈ 'ರೈಟ್' ಬಸ್ಸಿಗೋ ಮದುವೆಗೋ ಅಂತ ನಾವು ಮೂವರೂ ಸಂಜೆಯವರೆಗೆ ತಲೆ ಕೆಡಿಸಿಕೊಂಡೆವು. ಸಂಜೆ ಸೋದರಮಾವನ ಫೋನು ಬಂತು. "ಏನ್ ಮಾಡಿದ್ರಪ್ಪ ನೀವು? ಹುಡುಗಿ ಒಪ್ಪಿದಾಳಂತೆ." ಮಂಜು ಫೋನ್ ಕಸಿದುಕೊಂಡು "ಎಂತದೂ ಮಾಡಿಲ್ಲ ಮಾವ" ಅಂದ. (ಈ ರೋಗ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.)

ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ. ಅಭ್ಯಾಸಬಲದಿಂದ "ಎಂತ ಅಡಿಗೆ ಅಮ್ಮ?" ಅಂತ ಕೇಳಿದೆ. "ಎಂತದೂ..." ಅಂತ ಶುರು ಮಾಡಿ ಅಲ್ಲಿಗೇ ತಡೆದಳು. ಆಮೇಲೆ ಒಂದೊಂದೇ ಹೆಸರು ಹೇಳಿದಳು. ಅನ್ನ. ಬದನೆಕಾಯಿ ಸುಟ್ಟು ಮಾಡಿದ ಗೊಜ್ಜು. ಬಸಳೆ ಸಾರು. ಹಪ್ಪಳ. "ಎಲ್ಲಾ ಮಾಡಿದೀವಿ ಕಣೆ" ಅಂದಳು. ದನಿಯಲ್ಲಿ ಸಣ್ಣ ಜಂಬ ಇತ್ತು. ನನಗೆ ತುಂಬ ಖುಷಿಯಾಯಿತು.

ಅದಿರಲಿ, ಇವತ್ತು ನಿಮ್ಮ ಮನೆಯಲ್ಲಿ 'ಏನೂ ಮಾಡಿಲ್ಲ'ವನ್ನು ಎಷ್ಟು ಜನ ಹೊಟ್ಟೆತುಂಬ ಉಂಡಿರಿ?