ಒತಿಲಿಯಾ ಒಡೆದ ಕಿಟಕಿ

ನಮ್ಮ ಕೊಯಾಯ್ಕೆ ಊರಿನ ಚಳಿಗಾಲದಲ್ಲಿ ಬಡವರ ದುಡಿಮೆಯೆಲ್ಲ ಸೌದೆಯಾಗಿ ಉರಿದುಹೋಗುತ್ತದೆ. ಅದಕ್ಕೇ ನಮ್ಮ ಬೀದಿಯವರು ಸಹಕಾರ ಸಂಘ ಕಟ್ಟಿಕೊಂಡು, ಒಬ್ಬೊಬ್ಬರ ಮನೆಯ ಹಲಗೆ ಗೋಡೆಗೂ ಕುರಿಯುಣ್ಣೆ ತುಂಬಿ, ಕಿಟಕಿ ಬಾಗಿಲ ಸಂದು ಮುಚ್ಚುತ್ತೇವೆ. ಸುತ್ತಿಗೆ ನಮ್ಮದು, ಮನೆಯವರ ಜೊತೆ ಜಗಳ ಸಂಘದ ಒತಿಲಿಯಾ ಮಾನ್ಸಿಯಾಳದು. ಸಂದು ಮುಚ್ಚಿದ ಮನೆಯೊಳಗೆ ಹೊಗೆಗೊಳವೆಯಿಲ್ಲದ ಇದ್ದಿಲಿನ ಅಗ್ಗಿಷ್ಟಿಕೆ ಇರಕೂಡದೆಂದು ಅವಳ ಹಠ. ಇದ್ದಿಲು ಉರಿದು ಬರುವ ವಿಷಗಾಳಿಗೆ ವಾಸನೆಯಿಲ್ಲ. ಅವಳ ಅಕ್ಕ ಹಾಗೆಯೇ ಸತ್ತಿದ್ದಳು. ಆದರೆ ನಮ್ಮ ಮುದುಕರು ಗಾಳಿ ನುಗ್ಗುವ ಮನೆಗಳಲ್ಲಿ ಅಗ್ಗಿಷ್ಟಿಕೆಯ ಪಕ್ಕ ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತಲೇ ಬೆಳೆದವರು. ಕೇಳಬೇಕಲ್ಲ.

ರೋಸೆಂದೊ ಅಜ್ಜನ ಮನೆ ಮುಗಿಸಿದ ಮರುದಿನ ಬೆಳಿಗ್ಗೆ ಅವಳು ನನ್ನ ಬಾಗಿಲಿಗೆ ಬಂದಳು.

"ಸೆಗುಂದೊ, ಅಜ್ಜ ಹೊರಗೆ ಬಂದ್ನಾ?"

"ಬೆಚ್ಚಗೆ ಮಲಗಿರ್ತಾನೆ, ಬಿಡಕ್ಕ."

"ಅಗ್ಗಿಷ್ಟಿಕೇನ ಸೌದೆ ಕೊಟ್ಟಿಗೆಗೆ ಹಾಕಿಸಿದ್ದೆ. ಈಗ ಅಲ್ಲಿಲ್ಲ ಕಣೋ."

ಓಡಿದೆವು. ಒಳಗಿನಿಂದ ಚಿಲಕ. ಕೂಗಿದರೆ ಉತ್ತರವಿಲ್ಲ. ಅವನ ನಾಯಿ ಹೊರಗಿನಿಂದ ಬಾಗಿಲು ಕೆರೆಯುತ್ತಿತ್ತು. ಭುಜ ಕೊಟ್ಟು ಗುದ್ದಿದೆ. ನಾವೇ ಬಿಗಿಮಾಡಿದ ಬಾಗಿಲು, ಅಲುಗಲಿಲ್ಲ. ಒತಿಲಿಯಾ ಸೌದೆಯೊಂದನ್ನು ಎತ್ತಿಕೊಂಡು ಕಿಟಕಿಯತ್ತ ನಡೆದಳು.

"ಏ, ನಿನ್ನೆ ಹಾಕಿದ ಗಾಜು ಅದು," ಎಂದು ಗದರಿದೆ.

"ಅಜ್ಜನ್ನ ಹೂತು ಗಾಜು ಒರೆಸ್ಕೊಂಡು ಕೂತ್ಕೋತೀಯಾ?"

ಒಡೆದು, ಉಸಿರು ಬಿಗಿಹಿಡಿದು ಒಳಗೆ ಹಾರಿದಳು. ಸದ್ದೇ ಇಲ್ಲ. ಅವಳೂ ಬಿದ್ದಳೇನೋ ಎಂದು ನಾನು ಕಿಟಕಿಗೆ ಕೈಹಾಕುವಷ್ಟರಲ್ಲಿ ಚಿಲಕ ಸರಿಯಿತು. ಮುದುಕನ ಕಂಕುಳಿಗೆ ಕೈಕೊಟ್ಟು ಎಳೆಯುತ್ತಿದ್ದಳು. ಇಬ್ಬರೂ ಸೇರಿ ಅವನನ್ನು ಮಂಜಿನ ಮೇಲೆ ಮಲಗಿಸಿದೆವು. ನಾನು ಆಸ್ಪತ್ರೆಗೆ ಫೋನು ಮಾಡಿದೆ. ಅವಳು ಅವನ ಕೆನ್ನೆಗೆ ಬಾರಿಸುತ್ತಲೇ ಇದ್ದಳು.

"ಏಳೋ ಮುದುಕ. ಜಗಳ ಆಡು ನನ್ ಜೊತೆ."

ಬಹಳ ಹೊತ್ತಿನ ಮೇಲೆ ಅವನು ಕೆಮ್ಮಿದ, ವಾಂತಿ ಮಾಡಿದ, ಕಣ್ಣುಬಿಟ್ಟ.

"ಕಿಟಕಿ ಯಾರು ಒಡೆದ್ರು?"

"ನಾನು."

"ಹಾಗಾದ್ರೆ ನೀನೇ ಹಾಕ್ಸು."

ನನಗೆ ಅವನನ್ನು ಅಲ್ಲೇ ತದುಕಬೇಕೆನಿಸಿತು. ಒತಿಲಿಯಾ ಮಾತ್ರ ನೆಲಕ್ಕೆ ಕುಸಿದು, ಮುಖ ಮುಚ್ಚಿಕೊಂಡು ಅತ್ತಳು.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಆಲಿಕಲ್ಲು ಬೀಳುತ್ತಿತ್ತು. ಕಿಟಕಿಗೆ ಕಟ್ಟಿದ್ದ ಗೋಣಿತಟ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ಒತಿಲಿಯಾ, ನಾನು ಹೊಸ ಗಾಜು ಹಿಡಿದು ಹೋದೆವು. ಅವಳು ಗೋಣಿ ಸರಿಸಿ ಹೊರಗೇ ನಿಂತಳು.

"ಅಗ್ಗಿಷ್ಟಿಕೆ ಈಚೆ ಬರ್ಲಿ. ಆಮೇಲೆ ಗಾಜು."

"ನಮ್ಮಮ್ಮಂದು ಅದು."

"ನಿಮ್ಮಮ್ಮನ ಮನೇಲಿ ಸಂದಿತ್ತು ಅಜ್ಜ, ಗಾಳಿ ಬರ್ತಿತ್ತು. ಇಲ್ಲಿ ಎಲ್ಲಿದೆ?"

ಅವನು ಒಳಗೆ ನಡುಗುತ್ತಿದ್ದ, ಇವಳು ಹೊರಗೆ. ನನಗೆ ತಡೆಯಲಾಗದೆ ಗಾಜು ಹಾಕಿಬಿಡಲು ಹೋದೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

ಕೊನೆಗೆ ಮುದುಕ ಬೈಯುತ್ತಾ ಅಗ್ಗಿಷ್ಟಿಕೆಯನ್ನು ಎತ್ತಿ, ಆ ಬರಿ ಚೌಕಟ್ಟಿನೊಳಗಿಂದಲೇ ನನ್ನ ಕೈಗೆ ತುರುಕಿದ.