ಅಕ್ಕನ ದಾರಿ ಅಳಿಸಿದ ಅಂಚಣ್ಣ

ಬೆಳಗಿನ ಐದೂವರೆ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಬೆಳಗುತ್ತಿದೆ. ಐವತ್ತು ದಾಟಿದ ಒಬ್ಬರು ಕುರ್ಚಿಯ ತುದಿಯಲ್ಲಿ ಕೂತು, ಪರದೆಯ ಹಸಿರು ಗುಡ್ಡದಲ್ಲಿ ಹಾದುಹೋಗುವ ಮಣ್ಣಿನ ದಾರಿಯ ಅಂಚು ತಿದ್ದುತ್ತಿದ್ದಾರೆ. ಕಚೇರಿಗೆಲ್ಲ ಅವರು ಅಂಚಣ್ಣ.

ಹಳೆಯ ವಿಡಿಯೊ ಗೇಮ್‌ಗಳಿಗೆ ಹೊಸ ರೂಪ ಕೊಡುವ ಕಚೇರಿ ಇದು. ಇಪ್ಪತ್ತು ವರ್ಷ ಹಿಂದಿನ ಆಟಗಳಲ್ಲಿ ನೆಲವೆಂದರೆ ಬರೀ ಚೌಕಗಳು: ಒಂದು ಹುಲ್ಲು, ಪಕ್ಕದ್ದು ಮರಳು, ನಡುವೆ ಕತ್ತರಿಯಲ್ಲಿ ಕತ್ತರಿಸಿದಂಥ ಗೆರೆ. ಆಗಿನ ಮಂಕು ಪರದೆಯಲ್ಲಿ ಹೇಗೋ ನಡೆದುಹೋಗುತ್ತಿತ್ತು. ಈಗಿನ ಸ್ಪಷ್ಟ ಚಿತ್ರದಲ್ಲಿ ಅದೇ ಗೆರೆ ಕಣ್ಣಿಗೆ ರಾಚುತ್ತದೆ. ಒಂದು ನೆಲ ಇನ್ನೊಂದರೊಳಗೆ ಮೆಲ್ಲಗೆ ಬೆರೆಯುವಂತೆ ಮಾಡುವುದು ಅಂಚಣ್ಣನ ಕೆಲಸ.

"ಯಂತ್ರಕ್ಕೆ ಬಿಟ್ರೆ ಎರಡನ್ನೂ ಅರ್ಧರ್ಧ ಕಲಸಿ ಕೈತೊಳ್ಕೊಳ್ಳುತ್ತೆ. ಬಂಡೆಗೆ ಬೂಷ್ಟು ಬಂದ ಹಾಗೆ ಕಾಣುತ್ತೆ. ಮರಳು ಬಂಡೆ ಸಂದಿಗೆ ಇಳೀಬೇಕು, ನೆತ್ತಿ ಮೇಲೆ ಕೂರಬಾರದು" ಎನ್ನುತ್ತಾರೆ. ದಿನಕ್ಕೆ ಹನ್ನೆರಡು ಅಂಚು. ಈ ಒಂದೇ ಆಟಕ್ಕೆ ಎರಡು ವರ್ಷ, ಆರು ಸಾವಿರದ ಹತ್ತಿರ. ನೋಡುವವರಿಗೆ ಏನೂ ಗೊತ್ತಾಗದಿದ್ದರೆ ಕೆಲಸ ಚೆನ್ನಾಗಿ ಆಗಿದೆಯೆಂದು ಅರ್ಥ. ಮೆಚ್ಚುಗೆ ಸಿಗುವುದು ದೂರದ ಮಾತೇ.

ಸಿಕ್ಕಿತ್ತು, ಒಮ್ಮೆ. ಮೂರು ತಿಂಗಳ ಹಿಂದೆ ಕೆಲಸ ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಹಾಗಿದ್ದರೆ ಮುಗಿದ ಆಟವನ್ನು ಈ ಹೊತ್ತಿನಲ್ಲಿ ಮತ್ತೆ ತಿದ್ದುವುದೇಕೆ? ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದೆ. ಅವರು ಕೈಕೆಲಸ ಬಿಡದೆ ಅಕ್ಕನ ಕಥೆ ಹೇಳತೊಡಗಿದರು.

ಅಂಚಣ್ಣನಿಗೊಬ್ಬ ಅಕ್ಕ. ಚಿಕ್ಕಂದಿನಿಂದ ಕಣ್ಣು ಮಂದ. ಅಕ್ಷರ ಕಾಣದು, ಬಣ್ಣ ಕಾಣುತ್ತದೆ. ಈ ಆಟವನ್ನು ಹದಿನೆಂಟು ವರ್ಷ ಆಡಿದ್ದಾರೆ. ಹಸಿರಿನ ನಡುವೆ ಕಡುಕಂದು ಗೆರೆ ಹಿಡಿದು ಊರಿಂದೂರಿಗೆ ನಡೆದು, ಗೆದ್ದು, ತಮ್ಮನನ್ನು ಛೇಡಿಸಿದ್ದಾರೆ. ಚಪ್ಪಾಳೆ ಬಿದ್ದ ವಾರವೇ ಅಂಚಣ್ಣ ಹೊಸ ಆಟವನ್ನು ಅಕ್ಕನ ಮನೆಗೆ ಒಯ್ದರು. ಅಕ್ಕ ಆಟದ ಊರಬಾಗಿಲು ದಾಟಿದವರೇ ಹುಲ್ಲಿನಲ್ಲಿ ಗಿರಗಿರನೆ ತಿರುಗಿದರು. ದಾರಿ ಸಿಗಲಿಲ್ಲ.

"'ನನ್ನ ಕಣ್ಣು ಇನ್ನೂ ಹೋಯ್ತು ಕಣೋ' ಅಂದ್ಲು. ನನಗೆ ಆ ಕ್ಷಣಕ್ಕೇ ಗೊತ್ತಾಯ್ತು, ಕಾರಣ ಕಣ್ಣಲ್ಲ, ಗೆರೆ ಅಳಿಸಿದ ನಾನು ಅಂತ. ಹೇಳಲಿಲ್ಲ. ಕಣ್ಣಿನ ಡಾಕ್ಟರ ಹತ್ರ ಜೊತೇಲಿ ಹೋದೆ. ಅವರು 'ಕಣ್ಣು ಇದ್ದ ಹಾಗೇ ಇದೆ' ಅಂದ್ರು. ಅವಳು ನಂಬಲಿಲ್ಲ. ಆಗಲೂ ಬಾಯಿ ಬಿಡಲಿಲ್ಲ ನಾನು, ಗೋಡೆ ಮೇಲಿನ ಅಕ್ಷರದ ಪಟ ಓದ್ತಾ ಕೂತಿದ್ದೆ."

ಅಂಚಣ್ಣನ ಕಿವಿ ಕೆಂಪಾಗಿದೆ. ನನಗೂ ಅವರ ಮುಖ ನೋಡಲಾಗಲಿಲ್ಲ. ಹೊಗಳಿ ಬರೆಯಲು ನಾಲ್ಕು ವಾಕ್ಯ ಸಿದ್ಧಮಾಡಿಕೊಂಡು ಬಂದಿದ್ದವನು ನಾನು. ಆ ಆರು ಸಾವಿರದಲ್ಲಿ ದಾರಿಯ ಅಂಚುಗಳು ಆರುನೂರ ನಲವತ್ತು. ಬೇಕೆಂದವರಿಗೆ ಅವು ಎದ್ದು ಕಾಣುವಂತೆ ಬೇರೆಯಾಗಿ ಮಾಡಿಡಲು ಮೇಲಿನವರನ್ನು ಒಪ್ಪಿಸಿದ್ದಾರೆ. ಎಲ್ಲರೂ ಬರುವ ಮುಂಚೆ ಒಬ್ಬರೇ ಕೂತು ನಾನೂರು ಮುಗಿಸಿದ್ದಾರೆ. ಅಕ್ಕನಿಗೆ ಮಾತ್ರ ಹೇಳಿಲ್ಲ.

"ನೀವು ಬರೀರಿ. ಅವಳ ಮಗಳು ಪೇಪರ್ ಓದಿ ಹೇಳ್ತಾಳೆ" ಎಂದರು.

"ನೀವೇ ಹೇಳಿದರೆ ಬರೀತೀನಿ" ಎಂದೆ.

ಆರೂವರೆಗೆ ಅವರು ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿದರು. ಆಚೆಯಿಂದ ಅಕ್ಕ ಕೇಳಿದರು:

"ಹಾಗಾದ್ರೆ ನನ್ನ ಕಣ್ಣು ಮೊದಲಿನಷ್ಟೇ ಇದೆಯಾ?"

"ಇದೆ ಅಕ್ಕಾ."

"ಮೂರು ತಿಂಗಳಿಂದ ನಾನು ಒಬ್ಬಳೇ ರಸ್ತೆಗೆ ಇಳಿದಿಲ್ಲ ಕಣೋ."

ಅಂಚಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಫೋನಿನ ಹತ್ತಿರ ಬಾಗಿ, ಮೆಲ್ಲಗೆ ಕೇಳಿದರು:

"ಸಂಜೆ ಬರ್ಲಾ ಅಕ್ಕಾ? ಅಂಗಡಿ ತನಕ ಹೋಗಿಬರೋಣ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ."