ಮಾವನವರಿಗೆ ಉಳಿದ ಭಾಷೆ

ಎಲ್ಲರೂ ಚಪ್ಪಾಳೆ ತಟ್ಟಿದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಲಂಡನ್ನಿನ ಕ್ವೀನ್ಸ್‌ಬರಿಯ ಒಂದು ಹಾಲ್‌ನಲ್ಲಿ, ಭಾನುವಾರ ಮಧ್ಯಾಹ್ನ, ನನ್ನ ಮಾವನವರ ಸಹಸ್ರಚಂದ್ರದರ್ಶನ. ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಸಮಾರಂಭ. ಮಾವನವರು ಮರಾಠಿಯ ದೊಡ್ಡ ಲೇಖಕರು. ಹೆಸರು ಬರೆಯಬೇಡ ಎಂದು ನನ್ನ ಗಂಡ ಸಮೀರ ಕೇಳಿಕೊಂಡಿದ್ದಾನೆ, ಬರೆಯುವುದಿಲ್ಲ. ಕಾದಂಬರಿ, ನಾಟಕ, ಮೂವತ್ತು ವರ್ಷ ಭಾನುವಾರದ ಅಂಕಣ, ಒಮ್ಮೆ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಗಿರಿ, ಒಮ್ಮೆ ಮೇಲ್ಮನೆಯ ಸದಸ್ಯತ್ವ. ಇವೆಲ್ಲಕ್ಕಿಂತ ಹೆಚ್ಚಾಗಿ ಭಾಷಣ. ಕೈಯಲ್ಲಿ ಚೀಟಿಯಿಲ್ಲದೆ ಎರಡು ತಾಸು ಮಾತಾಡುತ್ತಿದ್ದರು. ಆ ಭಾಷಣಗಳಲ್ಲಿ ತುಂಬಾ ಹೆಸರಾದದ್ದು ನಡುವೆ ಅವರು ಸುಮ್ಮನಾಗುವ ರೀತಿ. ತಟ್ಟನೆ ಮಾತು ನಿಲ್ಲಿಸಿ ಸಭೆಯನ್ನು ನೋಡುತ್ತ ನಿಲ್ಲುತ್ತಿದ್ದರು. ಪುಣೆಯಲ್ಲಿ ಜನ ಅದನ್ನು ಅನುಕರಿಸುತ್ತಿದ್ದರು.

ಅವತ್ತೂ ನಿಲ್ಲಿಸಿದರು. ಬಾಯಿ ಸ್ವಲ್ಪ ತೆರೆದಿತ್ತು. ಸಭೆ ಉಸಿರು ಹಿಡಿದು ಕಾದಿತು. ನಂತರ ಮುಂದಿನ ಸಾಲಿನವರು ಚಪ್ಪಾಳೆ ಶುರು ಮಾಡಿದರು. ಇಡೀ ಹಾಲ್ ತಟ್ಟಿತು.

ಬಲಗೈಯಲ್ಲಿದ್ದ ಸನ್ಮಾನದ ತೆಂಗಿನಕಾಯಿ ಜಾರಿ ಬಿದ್ದದ್ದನ್ನು ನಾನು ನೋಡಿದೆ. ಎದ್ದೆ. ಸಮೀರ ನನ್ನ ಸೆರಗು ಹಿಡಿದು ಎಳೆದ. "ಕೂತ್ಕೋ. ಮಧ್ಯೆ ಹೋದ್ರೆ ಬಾಬಾಗೆ ಸಿಟ್ಟು ಬರುತ್ತೆ." ನಾನು ಕೂತೆ. ಅವನ ಮೇಲಿರುವಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ. ಸಮಾರಂಭ ಏರ್ಪಡಿಸಿದ್ದ ಮರಾಠಿ ಸಂಘದವರು ಅವರನ್ನು ಕುರ್ಚಿಯ ಮೇಲೆ ಕೂರಿಸಿದರು, ಆಯಾಸವಾಗಿದೆ ಎಂದರು. ಜನ ಸಾಲು ನಿಂತು ಕಾಲಿಗೆ ನಮಸ್ಕಾರ ಮಾಡಿದರು. ಒಬ್ಬೊಬ್ಬರಾಗಿ. ಸ್ಟ್ರೋಕ್ ಆದ ಮನುಷ್ಯನ ಕಾಲಿಗೆ ಬಿದ್ದು, ಸೆಲ್ಫಿ ತೆಗೆದುಕೊಂಡು, ಪೇಡೆ ತಿನ್ನಲು ಹೋದರು. ಕೊನೆಗೆ ನಾನು ಸಾಲನ್ನು ತಳ್ಳಿಕೊಂಡು ಹೋಗಿ ನೋಡಿದಾಗ ಬಲಗಡೆಯ ತುಟಿ ಇಳಿದು ಜೊಲ್ಲು ಶಾಲಿನ ಮೇಲೆ ಸುರಿಯುತ್ತಿತ್ತು.

ಆ್ಯಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್. ಯಾವ ಹೊತ್ತಿಗೆ ಶುರುವಾಯಿತು ಎಂದು ಯುವ ಡಾಕ್ಟರ್ ಕೇಳಿದಳು. ಕ್ಲಾಟ್ ಕರಗಿಸುವ ಇಂಜೆಕ್ಷನ್‌ಗೆ ಸಮಯ ಮುಖ್ಯ. ಸಮೀರನಿಗೆ ಹೇಳಲು ಆಗಲಿಲ್ಲ. ನಾನು ಫೋನ್‌ನಲ್ಲಿ ಸಮಾರಂಭದ ವಿಡಿಯೊ ತೆರೆದು ತೋರಿಸಿದೆ. ಅವಳು ಸಮಯ ಬರೆದುಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು.

"ವೈ ಆರ್ ದೇ ಕ್ಲ್ಯಾಪಿಂಗ್?"

ನಾನು ಫೋನ್ ಆರಿಸಿ ಚೀಲಕ್ಕೆ ಹಾಕಿದೆ.

ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಎಂಬತ್ತರಲ್ಲಿ ಅರವತ್ತು ವರ್ಷ ಮಾತನ್ನೇ ತಿಂದುಂಡ ಮನುಷ್ಯ ನಮ್ಮನ್ನು ನೋಡಿ ಗೋಡೆ ನೋಡುವಂತೆ ನೋಡುತ್ತಿದ್ದರು. ಸಮೀರ ಮರಾಠಿಯಲ್ಲಿ ಬಾಬಾ ಬಾಬಾ ಎಂದು ಕರೆದರೆ ಮುಖ ತಿರುಗಿಸುತ್ತಿದ್ದರು.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಧಾರವಾಡದವಳು. ಪುಣೆಯಲ್ಲಿ ಓದುವಾಗ ಸಮೀರನ ಪರಿಚಯ. ಮದುವೆಗೆ ಮಾವನವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಮನೆಯಲ್ಲಿ ಕನ್ನಡ ಆಡಕೂಡದು. ಸಮೀರನಿಗೆ ಕನ್ನಡ ಬಾರದು, ನಾವಿಬ್ಬರೂ ಮಾತಾಡುವುದು ಮರಾಠಿಯಲ್ಲೇ. ಗಡಿ ಭಾಗದ ಸಭೆಗಳಲ್ಲಿ "ನನ್ನ ತಾಯಿ ನನ್ನನ್ನು ತೂಗಿದ್ದು ಮರಾಠಿಯಲ್ಲಿ" ಎಂದು ಗುಡುಗಿ ಹೆಸರು ಮಾಡಿದವರು ಅವರು. ಆತ್ಮಕತೆಯಲ್ಲಿ ತಾಯಿ ಬೀಸುವ ಕಲ್ಲಿನ ಮುಂದೆ ಮರಾಠಿ ಓವಿ ಹಾಡುವ ಒಂದು ಅಧ್ಯಾಯವಿದೆ. ಶಾಲೆಯ ಪಠ್ಯದಲ್ಲೂ ಇತ್ತಂತೆ. ಅತ್ತೆ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಎಜ್‌ವೇರ್‌ನ ನಮ್ಮ ಮನೆಯಲ್ಲೇ ಇದ್ದರು. ನಮ್ಮವ್ವ ಫೋನ್ ಮಾಡಿದರೆ ನಾನು ಹಿತ್ತಲಿಗೆ ಹೋಗಿ ಮಾತಾಡಬೇಕಿತ್ತು. ಜನವರಿ ತಿಂಗಳಲ್ಲಿ, ಕೋಟು ಹಾಕಿಕೊಂಡು, ನನ್ನ ಮನೆಯ ಹಿತ್ತಲಿಗೆ. ಆ ಮನೆಯ ಸಾಲದ ಅರ್ಧ ಕಂತು ಪಾರ್ಕ್ ರಾಯಲ್‌ನ ರೆಡಿಮೀಲ್ ಫ್ಯಾಕ್ಟರಿಯಲ್ಲಿ ನಾನು ನಿಂತು ದುಡಿದದ್ದು.

ನಾಲ್ಕನೇ ದಿನ. ಬೆಳಗಿನ ಶಿಫ್ಟ್ ಮುಗಿಸಿ ನೇರ ವಾರ್ಡಿಗೆ ಹೋದೆ. ಹಾಸಿಗೆಯ ಮೇಲೆ ನಿಲ್ ಬೈ ಮೌತ್ ಎಂಬ ಬೋರ್ಡ್ ತೂಗುತ್ತಿತ್ತು. ನುಂಗಲು ಬರುತ್ತಿಲ್ಲ, ಹನಿ ನೀರೂ ಕೊಡಬಾರದು. ನಾನು ಸುಮ್ಮನೆ ತುಟಿ ಒರೆಸುತ್ತಿದ್ದೆ. ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು.

"ಯವ್ವಾ, ಬಾಯಿ ಒಣಗೈತಿ."

ಕನ್ನಡ. ಅದೂ ಬೆಳಗಾವಿ ಕಡೆಯ ಹಳ್ಳಿಯ ಅಪ್ಪಟ ಕನ್ನಡ. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಇದ್ದಾರೇನೋ ಎಂದು.

"ನೀರ ಕೊಡಬ್ಯಾಡ ಅಂದಾರ್ರೀ ಡಾಕ್ಟ್ರು," ಎಂದೆ. "ನುಂಗಾಕ ಬಂದ ಮ್ಯಾಲೆ ಕೊಡ್ತಾರ. ಸ್ವಲ್ಪ ತಡೀರಿ."

"ಹೂಂ," ಎಂದರು. ಕಣ್ಣು ಮುಚ್ಚಿದರು.

ಅರ್ಥವಾಗಿತ್ತು. ಅವರಿಗೆ ಎಲ್ಲ ಅರ್ಥವಾಗಿತ್ತು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕಲ್ಲ. ಈ ಮುದುಕನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು, ಬಾರಿಸುವಂತಿರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷ! ನಾನು ಆಡಿದ ಒಂದೊಂದು ಮಾತೂ, ಕಿಟಕಿಯಾಚೆ ಫೋನಿನಲ್ಲಿ ಅವ್ವನ ಮುಂದೆ ತೋಡಿಕೊಂಡ ಸಂಕಟವೂ, ಅವರಿಗೆ ಬೈದ ಬೈಗುಳವೂ ಈ ಮನುಷ್ಯನಿಗೆ ತಿಳಿಯುತ್ತಿತ್ತು.

ಸಂಜೆ ಸಮೀರನಿಗೆ ಹೇಳಿದೆ. ಅವನು ಬೂಟಿನ ಲೇಸ್ ಬಿಚ್ಚುತ್ತ ಕೂತಿದ್ದ, ತಲೆಯೆತ್ತಲಿಲ್ಲ.

"ಏನೋ ಬಡಬಡಿಸಿರ್ತಾರೆ."

"ಬಡಬಡಿಕೆ ಅಲ್ಲ. ನಾನು ಹೇಳಿದ್ದು ಅವರಿಗೆ ಗೊತ್ತಾಯ್ತು. ಬಾಬಾಗೆ ಕನ್ನಡ ಬರುತ್ತೆ, ನಿನಗೆ ಗೊತ್ತಿತ್ತಾ?"

ಅವನು ಬಹಳ ಹೊತ್ತು ಲೇಸ್ ಬಿಚ್ಚಿದ. "ಸ್ವಲ್ಪ ಗೊತ್ತಿತ್ತು," ಎಂದ.

ಆಮೇಲೆ ಪುಣೆಯಿಂದ ಸಮೀರನ ಅಕ್ಕ ಶುಭದಾಳ ಫೋನ್. ಮಾವನವರ ಪುಸ್ತಕ, ಪತ್ರ, ಪತ್ರಿಕೆಯವರು ಎಲ್ಲವನ್ನೂ ನೋಡಿಕೊಳ್ಳುವವಳು ಅವಳು. ಸಮೀರನಿಗಿಂತ ಎಂಟು ವರ್ಷ ದೊಡ್ಡವಳು, ಮಾವನವರ ತಾಯಿಯನ್ನು, ಅಂದರೆ ತನ್ನ ಅಜ್ಜಿಯನ್ನು, ಕಂಡವಳು. ನೇರವಾಗಿಯೇ ಹೇಳಿದಳು. "ಅಜ್ಜಿಗೆ ಮರಾಠಿ ಬರ್ತಾನೇ ಇರಲಿಲ್ಲ. ಅದು ಮನೆಯ ಮಾತು, ಮನೆಯೊಳಗೇ ಇರಲಿ. ಬಾಬಾ ಕಟ್ಟಿದ್ದನ್ನ ಈಗ ಕೆಡವಬೇಡ."

"ಕೆಡವೋದಕ್ಕೆ ನಾನ್ಯಾರು ಅಕ್ಕಾ? ಅವರಿಗೆ ನೀರು ಬೇಕು ಅಂತ ಕೇಳೋಕೆ ಬೇರೆ ಭಾಷೆ ಉಳಿದಿಲ್ಲ."

"ಬರುತ್ತೆ, ಮರಾಠಿ ವಾಪಸ್ ಬರುತ್ತೆ. ಕಾದು ನೋಡು."

ಮೂಗಿಗಿಂತ ಮೂಗುತಿ ಭಾರ ಎಂದು ನಮ್ಮ ಕಡೆ ಸುಮ್ಮನೆ ಹೇಳುತ್ತಾರೆಯೇ?

ನಾನು ಕಾದೆ. ಒಂಬತ್ತು ದಿನ. ಮನೆಯವರ ಮರ್ಯಾದೆ ಎಂದು ಬಾಯಿ ಮುಚ್ಚಿಕೊಂಡು ಕಾದೆ. ಆ ಒಂಬತ್ತು ದಿನಗಳಲ್ಲಿ ಸ್ಪೀಚ್ ಥೆರಪಿಸ್ಟ್ ಹೆಲೆನ್ ಎರಡು ಸಲ ಪರೀಕ್ಷೆ ಮಾಡಿದಳು, ಎರಡು ಸಲವೂ ಫೋನಿನಲ್ಲಿ ಮರಾಠಿ ಇಂಟರ್‌ಪ್ರಿಟರ್. ಕಣ್ಣು ಮುಚ್ಚಿ ಎಂದರೆ ಮುಚ್ಚಲಿಲ್ಲ. ಕೈ ಎತ್ತಿ ಎಂದರೆ ಎತ್ತಲಿಲ್ಲ. ಕೊನೆಗೆ ಎಡಗೈಯಿಂದ ಫೋನ್ ತಳ್ಳಿ ಬೀಳಿಸಿದರು. ಇಂಗ್ಲಿಷ್‌ನಲ್ಲೂ ಅದೇ ಕತೆ. ಫೈಲಿನಲ್ಲಿ ಗ್ಲೋಬಲ್ ಅಫೇಸಿಯಾ ಎಂದು ಬರೆದರು. ಆಡಲೂ ಬಾರದು, ಅರ್ಥವೂ ಆಗದು ಎಂದು.

ಅದರ ಪರಿಣಾಮ ನನಗೆ ತಿಳಿದದ್ದು ಮೀಟಿಂಗ್‌ನಲ್ಲಿ. ವಾರ್ಡಿನ ಪಕ್ಕದ ಸಣ್ಣ ಕೋಣೆ, ಮೇಜಿನ ಮೇಲೆ ಟಿಶ್ಯೂ ಡಬ್ಬಿ. ಕನ್ಸಲ್ಟೆಂಟ್ ಎಂಬ ಹಿರಿಯ ಡಾಕ್ಟರ್, ಹೆಲೆನ್, ಡಿಸ್ಚಾರ್ಜ್ ನೋಡಿಕೊಳ್ಳುವ ಒಬ್ಬ ಹೆಂಗಸು, ನಾವಿಬ್ಬರು. ಸ್ಪೀಕರ್‌ನಲ್ಲಿ ಶುಭದಾ. ಕನ್ಸಲ್ಟೆಂಟ್ ತುಂಬಾ ಮೆಲುದನಿಯಲ್ಲಿ ಹೇಳಿದ: ಸೂಚನೆ ಅರ್ಥವಾಗದವರಿಗೆ ನಡೆ ನುಡಿ ಮತ್ತೆ ಕಲಿಸುವ ರಿಹ್ಯಾಬ್ ಯೂನಿಟ್‌ನಲ್ಲಿ ಹಾಸಿಗೆ ಸಿಗುವುದಿಲ್ಲ. ನರ್ಸಿಂಗ್ ಹೋಮ್‌ಗೆ ಕಳುಹಿಸುವುದು ಒಳ್ಳೆಯದು.

ಎಂದರೆ, ಇನ್ನು ನಡೆಯುವುದಿಲ್ಲ. ಇನ್ನು ಮಾತಿಲ್ಲ. ಪೈಪಿನಲ್ಲಿ ಊಟ, ಕಿಟಕಿಯ ಪಕ್ಕ ಕುರ್ಚಿ. ಸಾಯುವ ತನಕ.

ಹೆಲೆನ್ ಒಂದು ಮಾತು ಕೇಳಿದಳು. ಕೇಳದೆ ಹೋಗಿದ್ದರೆ ಏನಾಗುತ್ತಿತ್ತೋ. "ಅವರಿಗೆ ಬೇರೆ ಯಾವುದಾದರೂ ಭಾಷೆ ಬರುತ್ತಿತ್ತಾ? ಚಿಕ್ಕಂದಿನಲ್ಲಿ?"

"ನೋ," ಎಂದ ಸಮೀರ. ಸ್ಪೀಕರ್‌ನಿಂದ ಶುಭದಾ ಕೂಡ "ನೋ" ಎಂದಳು. ಅಕ್ಕ ತಮ್ಮ, ಒಂದೇ ಬಾಯಿ.

"ಯೆಸ್," ಎಂದೆ ನಾನು. "ಕನ್ನಡ. ನನ್ನ ಜೊತೆ ಮಾತಾಡ್ತಾರೆ. ಒಂಬತ್ತು ದಿನದಿಂದ."

ಹೆಲೆನ್ ಪೆನ್ನು ಕೆಳಗಿಟ್ಟಳು. "ಒಂಬತ್ತು ದಿನ?" ಎಂದು ಮಾತ್ರ ಕೇಳಿದಳು. ಆ ಪ್ರಶ್ನೆ ನನಗೆ ಸೇರಬೇಕಾದದ್ದೇ. ಸಮೀರ ಮರಾಠಿಯಲ್ಲಿ "ಇದನ್ನ ಇಲ್ಲಿ ಹೇಳಬೇಕಿತ್ತಾ?" ಎಂದ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅವನಿಗೆ ಧಾರವಾಡದ ಕನ್ನಡದಲ್ಲೇ ಉತ್ತರ ಕೊಟ್ಟೆ. "ಮತ್ತೆಲ್ಲಿ ಹೇಳಬೇಕಿತ್ತೋ? ಅವರ ತಿಥಿ ದಿನ ಹೇಳಬೇಕಿತ್ತೇನು?" ಅವನಿಗೆ ಅರ್ಥವಾಗಲಿಲ್ಲ. ಧ್ವನಿ ಅರ್ಥವಾಯಿತು.

ಮನೆಯವರು ಇಂಟರ್‌ಪ್ರಿಟರ್ ಆಗುವಂತಿಲ್ಲವಂತೆ. ಮರುದಿನ ಬೆಳಿಗ್ಗೆ ಫೋನಿನಲ್ಲಿ ಒಬ್ಬ ಹೆಂಗಸು ಸಿಕ್ಕಳು, ಬೆಂಗಳೂರಿನ ಕಡೆಯ ಮಾತು.

"ಸರ್, ನಿಮ್ಮ ಎಡಗೈ ಸ್ವಲ್ಪ ಮೇಲೆತ್ತಿ."

ಎತ್ತಿದರು.

"ಕಣ್ಣು ಮುಚ್ಚಿ ಸರ್. ಹಾಂ, ಈಗ ಕಿಟಕಿ ಎಲ್ಲಿದೆ ತೋರಿಸಿ."

ಮುಚ್ಚಿದರು, ತೆರೆದರು, ತೋರಿಸಿದರು. ಹೆಲೆನ್ ಬರೆಯುತ್ತಲೇ ಇದ್ದಳು. ಸಮೀರ ಹಾಸಿಗೆಯ ಕಾಲಿನ ಕಡೆ ನಿಂತಿದ್ದ.

"ನಿಮ್ಮ ಹೆಸರು ಹೇಳ್ತೀರಾ ಸರ್?"

ತುಟಿ ಒದ್ದಾಡಿತು. ಪುಸ್ತಕದ ಮೇಲಿರುವ, ಪುಣೆಯ ಒಂದು ರಸ್ತೆಗೂ ಇಟ್ಟಿರುವ ಆ ದೊಡ್ಡ ಹೆಸರು ಬರಲಿಲ್ಲ.

"ಬಾಳ್ಯಾ," ಎಂದರು.

ತನ್ನ ಅಪ್ಪನಿಗೆ ಚಿಕ್ಕಂದಿನಲ್ಲಿ ಹಾಗೊಂದು ಹೆಸರಿತ್ತೆಂದು ಸಮೀರನಿಗೆ ಗೊತ್ತಿರಲಿಲ್ಲ. ಅವನು ಹೊರಗೆ ನಡೆದ. ಲಿಫ್ಟ್ ಪಕ್ಕದ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಅವನ ಪಕ್ಕ ಹೋಗಿ ಕೂರುವಷ್ಟು ದೊಡ್ಡತನ ಅವತ್ತು ನನ್ನಲ್ಲಿರಲಿಲ್ಲ.

ರಿಹ್ಯಾಬ್‌ನಲ್ಲಿ ಹಾಸಿಗೆ ಸಿಕ್ಕಿತು. ಈಗ ಐದು ತಿಂಗಳು. ಮನೆಗೆ ಬಂದಿದ್ದಾರೆ. ಕೆಳಗಿನ ಕೋಣೆಯಲ್ಲಿ ಆಸ್ಪತ್ರೆಯ ಮಂಚ, ಸ್ಥಳೀಯ ಕೌನ್ಸಿಲ್‌ನಿಂದ ದಿನಕ್ಕೆರಡು ಸಲ ಆರೈಕೆಗೆ ಬರುವ ಕೇರರ್. ಎಡಗೈಯಲ್ಲಿ ನಾಲ್ಕು ಕಾಲಿನ ಕೋಲು ಹಿಡಿದು ಬಾಗಿಲ ತನಕ ನಡೆಯುತ್ತಾರೆ. ಗಂಜಿ, ಮೆತ್ತಗಿನ ಅನ್ನ ನುಂಗುತ್ತಾರೆ. ಮರಾಠಿಯಲ್ಲಿ ಅಂಕಿ ಎಣಿಸುತ್ತಾರೆ, ಹತ್ತರ ತನಕ. ಎರಡು ಬೈಗುಳ ಬಂದಿವೆ. ತಾವು ಬರೆದ ಪುಸ್ತಕ ಕೈಯಲ್ಲಿಟ್ಟರೆ ಹಾಳೆ ಮುಟ್ಟಿ ನೋಡಿ ಪಕ್ಕಕ್ಕಿಡುತ್ತಾರೆ. ಅದನ್ನು ನೋಡಿದಾಗ ಮಾತ್ರ ನನ್ನ ಸಿಟ್ಟು ಇಳಿಯುತ್ತದೆ. ಅಷ್ಟೊಂದು ಬರೆದ ಮನುಷ್ಯ. ಒಳ್ಳೆಯ ಪುಸ್ತಕಗಳು, ಸುಳ್ಳು ಹೇಳುವುದಿಲ್ಲ. ನಾನು ಅವರ ಕಾದಂಬರಿ ಓದಿ ಮೆಚ್ಚಿಕೊಂಡೇ ಆ ಮನೆಗೆ ಹೋದವಳು.

ಪುಣೆಯ ಒಂದು ಪತ್ರಿಕೆಯಲ್ಲಿ ಬಂತು: ಹಿರಿಯರು ಲಂಡನ್ನಿನಲ್ಲಿ ಮೌನಚಿಂತನೆಯಲ್ಲಿದ್ದಾರೆ. ಶುಭದಾಳ ಕೆಲಸ. ಮೌನವಂತೆ! ಬೆಳಗಾದರೆ "ಈ ಚಾ ಏನ್ ಎಮ್ಮಿ ತೊಳದ ನೀರೇನ?" ಎಂದು ನನಗೆ ಬೈಯುವ ಬಾಯಿ ಇದು. ಕಾಫಿಯೋ ಚಹಾವೋ, ಗಟ್ಟಿಯಾಗುವ ಪುಡಿ ಬೆರೆಸಿಯೇ ಕೊಡಬೇಕು, ನುಂಗುವಾಗ ಶ್ವಾಸಕ್ಕೆ ಹೋಗದಿರಲೆಂದು. ನಾನೇನು ಮಾಡಲಿ?

ಕಳೆದ ತಿಂಗಳು ಒಂದು ದಿನ ಕೇಳಿಯೇಬಿಟ್ಟೆ. ಕೇರರ್ ಹೋಗಿದ್ದಳು, ಅವರ ಉಗುರು ಕತ್ತರಿಸುತ್ತಿದ್ದೆ. "ಹನ್ನೆರಡು ವರ್ಷ ನಿಮಗ ನನ್ನ ಮಾತು ತಿಳೀತಿತ್ತು. ಹಿತ್ತಲದಾಗ ನಿಂತು ಮಾತಾಡಾಕ ಹಚ್ಚಿದ್ರಿ. ಯಾಕ್ರೀ?"

ಪದ ಹುಡುಕಲು ಬಹಳ ಹೊತ್ತು ಹಿಡಿಯಿತು. ಬೆವರಿದರು.

"ಹೆದರಿಕಿ," ಎಂದರು.

"ಯಾರದು?"

"ನಿಂದ."

ನಾನು ಬಾಯಿ ತೆರೆದರೆ ಅವರಿಗೆ ತಾಯಿಯ ಧ್ವನಿ ಕೇಳುತ್ತಿತ್ತೋ, ತಾವೂ ಕನ್ನಡದಲ್ಲಿ ಬಾಯಿ ತೆರೆದುಬಿಟ್ಟೇವೆಂಬ ದಿಗಿಲೋ. ಹೆಚ್ಚು ಹೇಳಲು ಅವರಿಗೆ ಆಗಲಿಲ್ಲ. ಕ್ಷಮಿಸು ಎನ್ನಲಿಲ್ಲ, ನಾನೂ ಕ್ಷಮಿಸಿದೆ ಎನ್ನಲಿಲ್ಲ. ಉಳಿದ ಮೂರು ಉಗುರು ಕತ್ತರಿಸಿದೆ. ಹೆಲೆನ್‌ಗೆ, ಆ ಫೋನಿನ ಹೆಂಗಸಿಗೆ ನಾನು ಋಣಿ. ಮನೆಯವರಿಗೆ ಇನ್ನೂ ಅಲ್ಲ.

ಮೊನ್ನೆ ಶನಿವಾರ ಸಮೀರ ಅಡಿಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತ. "ಕಾಲು ನೋಯುತ್ತಾ ಅಂತ ಕೇಳಬೇಕು. ಹೇಗೆ ಹೇಳೋದು?" ಎಂದ. ಈ ಐದು ತಿಂಗಳು ಅವರಿಬ್ಬರ ನಡುವಿನ ಪ್ರತಿ ಮಾತೂ ನನ್ನ ಬಾಯಿಂದಲೇ ಹಾದುಹೋಗಬೇಕಿತ್ತು. ಹೇಳಿಕೊಟ್ಟೆ. ಅವನು ಪರೀಕ್ಷೆಗೆ ಹೋಗುವವನ ಹಾಗೆ ಗೊಣಗಿಕೊಳ್ಳುತ್ತ ಕೋಣೆಗೆ ಹೋದ. ನಾನು ಬಾಗಿಲಲ್ಲಿ ನಿಂತೆ.

"ಬಾಬಾ, ಕಾಲ ನೋಯ್ತಾವೇನು?"

ಮಾವನವರು ಮಗನ ಮುಖ ನೋಡಿದರು. ಆಸ್ಪತ್ರೆಯಲ್ಲಿ ತಿರುಗಿಸಿಕೊಂಡಿದ್ದ ಮುಖ, ಅವತ್ತು ತಿರುಗಿಸಲಿಲ್ಲ.

"ಇಲ್ಲಪ. ಕುಂದ್ರು."

ಸಮೀರ ನನ್ನ ಕಡೆ ತಿರುಗಿದ, ಏನಂದರು ಎಂದು ಕೇಳುವ ಕಣ್ಣಲ್ಲಿ. ನಾನು ಹೇಳಲಿಲ್ಲ. ಸಾಕಾಗಿತ್ತು ನನಗೆ. ಮಾವನವರು ಎಡಗೈಯಿಂದ ಮಂಚದ ಅಂಚನ್ನು ಎರಡು ಸಲ ತಟ್ಟಿದರು.

ಅವನು ಕೂತ.